ಮನೆ ವಿಮೆ ರದ್ದಾದ ಸುದ್ದಿ ಮನೆಯ ಮಾಲೀಕರಿಗೂ ತಲುಪಲಿ: ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,
ಕೇಂದ್ರ ಹಣಕಾಸು ಸಚಿವರು, ರಾಜ್ಯಸಭೆಯಲ್ಲಿ ಕರ್ನಾಟಕದ ಪ್ರತಿನಿಧಿ

ನಮಸ್ಕಾರ.

ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) 2024ರ ಜೂನ್ 11ರಂದು ಹೊರಡಿಸಿದ ಮಾಸ್ಟರ್ ಸುತ್ತೋಲೆಯಲ್ಲಿ ಒಂದು ಒಳ್ಳೆಯ ನಿಯಮವಿದೆ. ವಿಮಾ ಕಂಪನಿ ರಿಟೇಲ್ ಗ್ರಾಹಕರ, ಅಂದರೆ ಸ್ವಂತ ಹೆಸರಿನಲ್ಲಿ ವಿಮೆ ಕೊಂಡವರ, ಪಾಲಿಸಿಯನ್ನು ತಾನಾಗಿ ರದ್ದು ಮಾಡಬೇಕಾದರೆ ವಂಚನೆ ರುಜುವಾತಾಗಿರಬೇಕು, ಕನಿಷ್ಠ 7 ದಿನ ಮುಂಚೆ ನೋಟಿಸ್ ಕೊಟ್ಟಿರಬೇಕು. ಆ ನಿಯಮದಲ್ಲಿರುವ ‘ರಿಟೇಲ್’ ಎಂಬ ಒಂದು ಪದದ ಮೇಲೆಯೇ ನಮ್ಮ ತಕರಾರು.

ಗೃಹಸಾಲ ಪಡೆದವರಲ್ಲಿ ಅನೇಕರ ಮನೆ ವಿಮೆ ಅವರ ಹೆಸರಿನಲ್ಲಿರುವುದಿಲ್ಲ. ಮೂಲ ಪಾಲಿಸಿ ಬ್ಯಾಂಕಿನ ಹೆಸರಿನ ಗುಂಪು ಪಾಲಿಸಿ. ಸಾಲಗಾರರ ಕೈಗೆ ಬರುವುದು ಬರೀ ಪ್ರಮಾಣಪತ್ರ. ವಿಮೆಯ ಕಂತು (ಪ್ರೀಮಿಯಂ) ಹೋಗುವುದು ಅವರ ಸಾಲದ ಖಾತೆಯಿಂದ, ಪತ್ರವ್ಯವಹಾರವೆಲ್ಲ ಬ್ಯಾಂಕಿನ ಜೊತೆ. ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದಾಗ ಅಥವಾ ಅವಧಿಗೆ ಮುನ್ನವೇ ತೀರಿಸಿದಾಗ ರಕ್ಷಣೆ ಮುಂದುವರಿಯಿತೋ ನಿಂತಿತೋ ಎಂದು ಮನೆಯವರಿಗೆ ಹೇಳುವ ಹೊಣೆ ಯಾರ ತಲೆಯ ಮೇಲೂ ಸ್ಪಷ್ಟವಾಗಿಲ್ಲ. ಗೊತ್ತಾಗುವುದು ಮಳೆಗಾಲದಲ್ಲಿ ನೀರು ನುಗ್ಗಿ ಕ್ಲೇಮ್ ಹಾಕಲು ಹೋದಾಗ. ವಿಚಿತ್ರವೆಂದರೆ, 2017ರ ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳ ತೀರ್ಪುಗಾರ) ನಿಯಮಗಳು ಗುಂಪು ಪಾಲಿಸಿಯ ದೂರನ್ನೂ ಕೇಳುತ್ತವೆ. ದೂರಿಗೆ ಬಾಗಿಲು ತೆರೆದಿದೆ, ನೋಟಿಸಿಗೆ ಮಾತ್ರ ಮುಚ್ಚಿದೆ.

ಸ್ವಂತ ಹೆಸರಿನಲ್ಲಿ ಪಾಲಿಸಿ ಇರುವವರ ತೊಡಕು ಬೇರೆ ಬಗೆಯದು. 2021ರ ಏಪ್ರಿಲ್ 1ರಿಂದ ಎಲ್ಲ ಕಡೆ ಸಿಗುತ್ತಿರುವ ‘ಭಾರತ್ ಗೃಹ ರಕ್ಷಾ’ ಒಳ್ಳೆಯ ಪಾಲಿಸಿ. ಬೆಂಕಿ, ಪ್ರವಾಹ, ಭೂಕುಸಿತ ಎಲ್ಲ ಸೇರಿದೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯೊಳಗಿನ ಸಾಮಾನಿಗೆ ಪಟ್ಟಿ ಕೊಡದೆಯೇ ರಕ್ಷಣೆ ಸಿಗುತ್ತದೆ. ಆದರೆ ನೆಲಮಹಡಿಯಲ್ಲಿ ಟೈಲರ್ ಅಂಗಡಿಗೆ ಜಾಗ ಕೊಟ್ಟಿದ್ದರೆ, ಮೇಲಿನ ಎರಡು ಕೋಣೆಗಳನ್ನು ಪಿಜಿ ಮಾಡಿದ್ದರೆ ‘ಮಹತ್ವದ ಸಂಗತಿ ಮುಚ್ಚಿಟ್ಟಿದ್ದೀರಿ’ ಎಂದು ಪಾಲಿಸಿ ರದ್ದು ಮಾಡುವ ಪತ್ರ ಬರಬಹುದು. ಮಾಹಿತಿ ತಪ್ಪಿದ್ದಕ್ಕೂ ವಂಚಿಸಿದ್ದಕ್ಕೂ ಬಹಳ ದೂರವಿದೆ. ಅರ್ಜಿ ತುಂಬಿದ್ದು ಏಜೆಂಟರೋ ಸಾಲ ವಿಭಾಗದ ಸಿಬ್ಬಂದಿಯೋ ಆಗಿದ್ದರೆ ಆ ದೂರ ಇನ್ನೂ ಹೆಚ್ಚು.

ಇಂಥ ಪತ್ರ ಬಂದವರು ಮೊದಲು ಮಾಡಬೇಕಾದ ಕೆಲಸ ಜಗಳವಲ್ಲ, ಕಾಗದ ಕೂಡಿಹಾಕುವುದು. ಪ್ರಪೋಸಲ್ ಫಾರ್ಮಿನ (ವಿಮೆ ಕೋರಿದ ಅರ್ಜಿಯ) ಪ್ರತಿ, ಕಂತು ಕಡಿತವಾದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್, ರದ್ದತಿ ಪತ್ರ, ಅದು ಬಂದ ಲಕೋಟೆ ಅಥವಾ ಇಮೇಲ್. ನೋಟಿಸಿನ ದಿನಗಳನ್ನು ಎಣಿಸುವಾಗ ಪತ್ರದ ಮೇಲಿನ ತಾರೀಖಿಗೂ ಲಕೋಟೆಯ ಮೇಲಿನ ಅಂಚೆ ಮುದ್ರೆಗೂ ವ್ಯತ್ಯಾಸ ಸಿಗುವುದುಂಟು, ಲಕೋಟೆ ಎಸೆಯಬಾರದು. ಆಮೇಲೆ ಕಂಪನಿಯ ದೂರು ಅಧಿಕಾರಿಗೆ ಬರೆಯುವ ಪತ್ರದಲ್ಲಿ ಒಂದೇ ಪ್ರಶ್ನೆ ಮುಂದಿಡಬೇಕು: ವಂಚನೆ ಯಾವ ದಾಖಲೆಯಿಂದ ರುಜುವಾತಾಗಿದೆ? ಇದರ ಜೊತೆ ಒಂಬತ್ತು ದೂರು ಸೇರಿಸಿದರೆ, ಉತ್ತರ ಬರುವುದು ಆ ಒಂಬತ್ತಕ್ಕೆ.

ಕಂಪನಿಯಿಂದ ಪರಿಹಾರ ಸಿಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಇದೆ, 155255 ಸಹಾಯವಾಣಿಯಿದೆ. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಬೆಂಗಳೂರಿನ ಕಚೇರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರವಿದೆ, ತೀರ್ಪಿಗೆ ಕಂಪನಿ ಬದ್ಧ. ಆದರೆ ಅದೇ ವಿಷಯ ಗ್ರಾಹಕರ ಆಯೋಗದಲ್ಲಿ ಬಾಕಿಯಿದ್ದರೆ ಒಂಬುಡ್ಸ್‌ಮನ್ ಮುಟ್ಟುವುದಿಲ್ಲ. ಅವಸರಪಟ್ಟು ಮೊದಲೇ ಆಯೋಗಕ್ಕೆ ಹೋದವರು ಈ ದಾರಿಯನ್ನು ಕಳೆದುಕೊಳ್ಳುತ್ತಾರೆ.

ಇನ್ನು ವಾಪಸು ಬರಬೇಕಾದ ಹಣ. ಇದು ನೇರವಾಗಿ ನಿಮ್ಮ ಸಚಿವಾಲಯದ ಮಾತು.

10 ವರ್ಷದ ಪಾಲಿಸಿಗೆ 18,000 ರೂಪಾಯಿ ಕಂತು, ಶೇ 18ರ ಜಿಎಸ್‌ಟಿ 3,240 ರೂಪಾಯಿ ಕಟ್ಟಿದ್ದಾರೆ ಎಂದುಕೊಳ್ಳಿ. (2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ ಈ ತೆರಿಗೆ ಹೋಯಿತು. ಮನೆಗೆ ಉಳಿಯಿತು!) ಮೂರು ವರ್ಷದ ನಂತರ ಪಾಲಿಸಿ ನಿಂತರೆ ಉಳಿದ ಏಳು ವರ್ಷಕ್ಕೆ 12,600 ರೂಪಾಯಿ ಕಂತು, 2,268 ರೂಪಾಯಿ ತೆರಿಗೆ. ಕಂತು ಕಂಪನಿಯಿಂದ ಬರುತ್ತದೆ. ತೆರಿಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಏಕೆಂದರೆ ತೆರಿಗೆ ಹೊಂದಿಸಿಕೊಳ್ಳಲು ಕಂಪನಿ ಕ್ರೆಡಿಟ್ ನೋಟ್ (ಹಣ ವಾಪಸು ಕೊಟ್ಟಿದ್ದಕ್ಕೆ ಬರೆಯುವ ಚೀಟಿ) ತೋರಿಸಬೇಕಾದ ಗಡುವು, ಕಂತು ಕಟ್ಟಿದ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30. ಅದು ಎಂದೋ ದಾಟಿರುತ್ತದೆ.

ಇದಕ್ಕೆ ನಿಮ್ಮ ಇಲಾಖೆಯೇ 2022ರ ಡಿಸೆಂಬರ್ 27ರ ಸುತ್ತೋಲೆ 188ರಲ್ಲಿ ದಾರಿ ತೋರಿಸಿದೆ. ಜಿಎಸ್‌ಟಿ ನೋಂದಣಿಯಿಲ್ಲದವರೂ ಪ್ಯಾನ್ ಬಳಸಿ ತಾತ್ಕಾಲಿಕ ನೋಂದಣಿ ಮಾಡಿಕೊಂಡು, ಆಧಾರ್ ದೃಢೀಕರಿಸಿ, ಆರ್‌ಎಫ್‌ಡಿ-01 ಎಂಬ ಮರುಪಾವತಿ ಅರ್ಜಿ ಹಾಕಬಹುದು. ರದ್ದತಿ ಪತ್ರದ ದಿನದಿಂದ ಎರಡು ವರ್ಷ ಕಾಲಾವಕಾಶ. ಈ ತೆರಿಗೆಯನ್ನು ತಾನು ಹೊಂದಿಸಿಕೊಂಡಿಲ್ಲ ಎಂದು ಕಂಪನಿಯಿಂದ ಒಂದು ಪ್ರಮಾಣಪತ್ರ ಬೇಕು. ಅದನ್ನು ಕೇಳಬೇಕೆಂದು ಪಾಲಿಸಿದಾರರಿಗೆ ಹೇಳುವವರು ಯಾರು? ಮೊತ್ತ 1,000 ರೂಪಾಯಿಗಿಂತ ಕಡಿಮೆಯಾದರೆ ಅದೂ ಇಲ್ಲ. ಸಣ್ಣ ಮನೆಯವರ ತೆರಿಗೆ ಸರ್ಕಾರಕ್ಕೇ ಉಳಿಯುತ್ತದೆ.

ಇನ್ನೊಂದು ಸಂಗತಿ: 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಕಂತಿನ ಮರುಪಾವತಿ ನೇರವಾಗಿ ವಿಮೆ ಮಾಡಿಸಿದವರಿಗೇ ಹೋಗಬೇಕು, ಏಜೆಂಟರ ಖಾತೆಗೆ ಹಾಕಕೂಡದು. ಬ್ಯಾಂಕೇ ವಿಮೆ ಮಾರುವ ಕಾರ್ಪೊರೇಟ್ ಏಜೆಂಟ್ ಆಗಿರುವಾಗ, ಮುಚ್ಚಿಹೋದ ಸಾಲದ ಖಾತೆಗೆ ಹಣ ಕಳಿಸಿ ಕೈತೊಳೆದುಕೊಳ್ಳುವುದನ್ನು ಏನೆಂದು ಕರೆಯಬೇಕು?

ನಾವು ಹೊಸ ಕಾಯ್ದೆ ಕೇಳುತ್ತಿಲ್ಲ. ಸುತ್ತೋಲೆಯ ‘ರಿಟೇಲ್’ ವ್ಯಾಪ್ತಿಗೆ ಗುಂಪು ಪಾಲಿಸಿಯ ಪ್ರಮಾಣಪತ್ರ ಹೊಂದಿದವರನ್ನೂ ಸೇರಿಸಿ, ಅವರ ಮೊಬೈಲಿಗೂ ಮನೆ ವಿಳಾಸಕ್ಕೂ ನೋಟಿಸ್ ಹೋಗುವಂತೆ ಐಆರ್‌ಡಿಎಐಗೆ ಹೇಳಿ. ರದ್ದತಿ ಪತ್ರದಲ್ಲೇ ಕಾರಣ, ರಕ್ಷಣೆ ನಿಲ್ಲುವ ದಿನ, ಮರುಪಾವತಿಯ ಲೆಕ್ಕ, ಜಿಎಸ್‌ಟಿ ಪ್ರಮಾಣಪತ್ರ ಇರಲಿ. ಕರ್ನಾಟಕದ ವಿಳಾಸಕ್ಕೆ ಬರುವ ಪತ್ರ ಕನ್ನಡದಲ್ಲಿರಲಿ. ಸಾಲ ಮುಗಿದಾಗ ಬ್ಯಾಂಕ್ ಮನೆಪತ್ರಗಳ ಜೊತೆ ಕೊಡುವ ಕಾಗದದಲ್ಲಿ ‘ನಿಮ್ಮ ಮನೆಯ ವಿಮೆ ಇಂಥ ದಿನದವರೆಗೆ ಇದೆ’ ಎಂಬ ಒಂದು ಸಾಲು ಕಡ್ಡಾಯವಾಗಲಿ.

ಇಂತಿ,
ಪಾಲಿಸಿದಾರರಿಗೆ ದೂರು ಬರೆದುಕೊಡುವ ಕೆಲವರು
ಬೆಂಗಳೂರು