ಇಟಲಿಯ ಪಾದುವಾದಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ರವಿ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ವಿಮಾನ ನಿಲ್ದಾಣದಲ್ಲಿ ಕೊಂಡುಹೋದ ಅಪೆರೋಲ್, ಆ ಕಿತ್ತಳೆ ಬಣ್ಣದ ಕಹಿ ಮದ್ಯದ ಬಾಟಲಿ, ಇನ್ನೂ ಕಪಾಟಿನಲ್ಲೇ ಕೂತಿದೆ, ಹೇಗೆ ಬೆರೆಸೋದು ಅಂತ ಕೇಳಿದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಿಯಾಜಾ ದೆಲ್ಲೆ ಎರ್ಬೆಯಲ್ಲಿ ನಾವು ಕೂತಿದ್ದು ನೆನಪಿದೆಯಾ? ಬೆಳಗ್ಗೆ ಸೊಪ್ಪು, ತರಕಾರಿ ಮಾರುವ ಜಾಗ. ಸಂಜೆಯಾದರೆ ಯಾರ ಕೈಯಲ್ಲಿ ನೋಡಿದರೂ ಕಿತ್ತಳೆ ಬಣ್ಣದ ಗ್ಲಾಸು. ಆ ಬಣ್ಣ ಇದೇ ಊರಿನದು. ಬಾರ್ಬಿಯೇರಿ ಸಹೋದರರು 1919ರಲ್ಲಿ ಪಾದುವಾದಲ್ಲೇ ಅಪೆರೋಲ್ ಹೊರತಂದರು. ಅದರಲ್ಲಿ ಆಲ್ಕೋಹಾಲ್ 11% ಮಾತ್ರ. ಊಟಕ್ಕೆ ಮುಂಚಿನ ಇಂಥ ಪಾನೀಯಕ್ಕೆ ಇಲ್ಲಿ ಹೇಳುವ ಅಪೆರಿತೀವೊ ಅನ್ನುವ ಪದದ ಬೇರಿನಲ್ಲೇ ‘ತೆರೆಯುವುದು’ ಅನ್ನುವ ಅರ್ಥವಿದೆ. ಅದು ಹಸಿವನ್ನು ಎಬ್ಬಿಸಬೇಕು, ಆ ಕೆಲಸ ಕಹಿಯದು. ಅವತ್ತು ಸುಮಾ ಒಂದು ಗುಟುಕು ಕುಡಿದು, “ನಮ್ಮತ್ತೆ ಮಾಡೋ ಕಿತ್ತಳೆ ಸಿಪ್ಪೆ ಗೊಜ್ಜು ನೆನಪಾಯ್ತು” ಅಂದರಲ್ಲ, ಎಷ್ಟು ಸರಿಯಾಗಿ ಹಿಡಿದರು! ಆದ್ದರಿಂದ ದಯವಿಟ್ಟು ಇದಕ್ಕೆ ಸಕ್ಕರೆ ಪಾಕವನ್ನಾಗಲೀ ಬಾಟಲಿಯ ಕಿತ್ತಳೆ ಜ್ಯೂಸನ್ನಾಗಲೀ ಸುರಿಯಬೇಡ. ಕಹಿ ಹೋದರೆ ಉಳಿಯುವುದು ಬರೀ ಶರಬತ್ತು.

ಅಳತೆ ನಿನಗೆ ಸುಲಭ, ನಮ್ಮ ಪೆಗ್ ಲೆಕ್ಕವೇ ಸಾಕು. 30 ಮಿಲಿಯ ಸಣ್ಣ ಪೆಗ್ಗಿನಲ್ಲಿ ಪ್ರೊಸೆಕ್ಕೊ (ಇಲ್ಲಿನ ಗುಳ್ಳೆ ಬರುವ ವೈನ್) ಮೂರು, ಅಪೆರೋಲ್ ಎರಡು, ಸೋಡಾ ಒಂದು. ಪ್ರೊಸೆಕ್ಕೊ ಸಿಗದಿದ್ದರೆ ನಮ್ಮಲ್ಲೇ ಆಗುವ ಸ್ಪಾರ್ಕ್ಲಿಂಗ್ ವೈನ್ ತಗೋ, ಲೇಬಲ್ಲಿನ ಮೇಲೆ ‘ಬ್ರೂಟ್’ ಅಂತ ಇರಲಿ. ‘ಎಕ್ಸ್‌ಟ್ರಾ ಡ್ರೈ’ ಅಂತ ಇರುವುದು ಹೆಸರಿಗೆ ಮಾತ್ರ ಡ್ರೈ, ಬ್ರೂಟ್‌ಗಿಂತ ಸಿಹಿ.

ಎಲ್ಲಕ್ಕಿಂತ ಮುಖ್ಯ ಐಸ್. ಇಲ್ಲಿಗೆ ಬಂದ ಹೊಸತರಲ್ಲಿ ನಾಲ್ಕು ಜನರನ್ನು ಮನೆಗೆ ಕರೆದಿದ್ದೆ. ತೆಳ್ಳಗಾಗುತ್ತದೆ ಅನ್ನುವ ಭಯಕ್ಕೆ ಒಂದೊಂದು ಗ್ಲಾಸಿಗೆ ಎರಡೇ ತುಂಡು ಐಸ್ ಹಾಕಿದೆ. ವೈನೂ ತಣ್ಣಗಿರಲಿಲ್ಲ. ಹತ್ತು ನಿಮಿಷದಲ್ಲಿ ಐಸೂ ಇಲ್ಲ, ರುಚಿಯೂ ಇಲ್ಲ. ಪಕ್ಕದ ಮನೆಯ ಅಜ್ಜಿ ಏನೂ ಅನ್ನದೆ ಎದ್ದು, ಹೊಟ್ಟೆ ದೊಡ್ಡದಿರುವ ಒಂದು ವೈನ್ ಗ್ಲಾಸಿಗೆ ಅಂಚಿನವರೆಗೂ ದಪ್ಪ ಐಸ್ ತುಂಬಿದರು. ಐಸ್ ಹೆಚ್ಚಿದ್ದಷ್ಟೂ ನಿಧಾನವಾಗಿ ಕರಗುತ್ತದೆ ಅನ್ನುವುದು ನನಗೆ ಆಗ ತಿಳಿಯಿತು. ಗ್ಲಾಸನ್ನು ಓರೆ ಹಿಡಿದು ಮೊದಲು ವೈನ್ ಹಾಕಿದರು. ಆಮೇಲೆ ಅಪೆರೋಲನ್ನು ಸುತ್ತಲೂ ತಿರುಗಿಸಿ ಬಿಟ್ಟರು. ಅದು ವೈನಿಗಿಂತ ಭಾರ, ತಾನಾಗಿ ಎಳೆಎಳೆಯಾಗಿ ಕೆಳಗಿಳಿಯಿತು. ಕೊನೆಗೆ ಸೋಡಾ ಹಾಕಿ, ಚಮಚವನ್ನು ತಳಕ್ಕೆ ಇಳಿಸಿ ಒಂದೇ ಸಲ ಮೆಲ್ಲಗೆ ಮೇಲೆತ್ತಿದರು. ಜೋರಾಗಿ ಕಲಕಿದರೆ ಗುಳ್ಳೆಯೆಲ್ಲ ಹಾರಿಹೋಗುತ್ತದೆ. ಮೇಲೊಂದು ಕಿತ್ತಳೆ ಬಿಲ್ಲೆ, ಅಷ್ಟೇ. ವೆನಿಸ್ಸಿನವರು ಹಸಿರು ಆಲಿವ್ ಕೂಡ ಹಾಕುತ್ತಾರೆ. ನನಗೆ ಆ ಉಪ್ಪು ಬಹಳ ಹಿಡಿಸಿದೆ, ನೀನೂ ನೋಡು.

ಇನ್ನೂ ಕಹಿ ಬೇಕೆನಿಸಿದ ದಿನ ಅಮೆರಿಕಾನೊ ಮಾಡು. ಅಪೆರೋಲ್‌ಗಿಂತ ಕಹಿಯಾದ ಕೆಂಪು ಮದ್ಯ ಕಂಪಾರಿ 30 ಮಿಲಿ, ಗಿಡಮೂಲಿಕೆ ಬೆರೆತ ಕೆಂಪು ಸಿಹಿ ವೈನ್ ವರ್ಮುತ್ 30 ಮಿಲಿ, ಮೇಲೆ ಸೋಡಾ. ಮಿಲಾನಿನ ಕಂಪಾರಿಯೂ ತೋರಿನೋದ ವರ್ಮುತ್ತೂ ಸೇರುವುದರಿಂದ ಸೋಡಾ ಇಲ್ಲದ ಜೋಡಿಗೆ ಮಿಲಾನೊ-ತೋರಿನೊ ಅನ್ನುತ್ತಾರೆ. ಸೋಡಾ ಬದಲು ಪ್ರೊಸೆಕ್ಕೊ ಸುರಿದರೆ ಸ್ಬಲ್ಯಾತೊ. ಹಾಗೆಂದರೆ ‘ತಪ್ಪಿದ್ದು’. ಕಂಪಾರಿ, ವರ್ಮುತ್, ಜಿನ್ ಸೇರಿದ ನೆಗ್ರೋನಿಗೆ ಹಾಕಬೇಕಾದ ಜಿನ್ ಜಾಗಕ್ಕೆ ವೈನ್ ಬಂದು ಹುಟ್ಟಿದ ಹೆಸರು, ಮಿಲಾನಿನ ಬಾರ್ ಬಾಸ್ಸೊದ ಕೊಡುಗೆ. ಒಂದು ಎಚ್ಚರ: ವರ್ಮುತ್ ಎಷ್ಟಾದರೂ ವೈನೇ. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲೇ ಇಡು, ಹೊರಗಿಟ್ಟರೆ ರುಚಿ ಕೆಡುತ್ತದೆ.

ಇಲ್ಲಿ ಯಾರೂ ಇದನ್ನು ಬರಿಹೊಟ್ಟೆಯಲ್ಲಿ ಕುಡಿಯುವುದಿಲ್ಲ. ಆಲಿವ್, ಆಲೂ ಚಿಪ್ಸ್, ಚೀಸಿನ ಚೂರು ಏನಾದರೂ ಪಕ್ಕದಲ್ಲಿರುತ್ತದೆ. ನಿಮ್ಮಲ್ಲಿ ಕೋಡುಬಳೆ ಇದ್ದರೆ ಅದನ್ನೇ ಇಡು. ಒಂದು ಗ್ಲಾಸಿಗೆ ಒಂದು ಗಂಟೆ ಹರಟೆ, ಆಮೇಲೆ ಊಟ.

ಕುಡಿಯದ ಅಪ್ಪನನ್ನು ಒಳಗೆ ಕೂರಿಸಬೇಡ. ಇಲ್ಲಿ ಅಂಥವರಿಗೆಂದೇ ಕ್ರೊದೀನೊ ಇದೆ, ಅದೇ ಬಣ್ಣ, ಅದೇ ಕಹಿ, ಆಲ್ಕೋಹಾಲ್ ಇಲ್ಲ. ಡಿಸೆಂಬರಿನಲ್ಲಿ ಬರುವಾಗ ಅವರಿಗೆ ಆರು ಬಾಟಲಿ ತರುತ್ತೇನೆ. ಅಲ್ಲಿಯವರೆಗೆ ಕಿತ್ತಳೆ ಬಿಲ್ಲೆ ಹಾಕಿದ ತಣ್ಣನೆ ಸೋಡಾವನ್ನು ಅಂಥದೇ ಗ್ಲಾಸಿನಲ್ಲಿ ಕೊಡು.

ನಿನ್ನ,
ಪ್ರಕಾಶ