ಹುಣಸೆಮರ ಮತ್ತು ಕಡಲಸೌತೆ

ಚಿ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪ್ರಬಂಧದ ಕರಡು ಓದಿದೆ. ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಯೊಲ್ಂಗು ಜನರಿಗೂ ಇಂಡೊನೇಷ್ಯಾದ ಸುಲವೇಸಿ ದ್ವೀಪದ ಮಕಸ್ಸಾರ್ ನಾವಿಕರಿಗೂ ನಂಟಿತ್ತು ಎಂದು ಮೂರು ಪುಟ ಬರೆದಿದ್ದೀಯ. ಆ ನಂಟು ಯಾಕೆ ಬೆಳೆಯಿತು ಅನ್ನುವುದೇ ಇಲ್ಲ. ಆ ನಾವಿಕರು ಬರುತ್ತಿದ್ದದ್ದು ಕಡಲತಳದಲ್ಲಿ ಸಿಗುವ, ಸೌತೆಯಾಕಾರದ ಮೆತ್ತನೆಯ ಪ್ರಾಣಿ ಕಡಲಸೌತೆಗಾಗಿ; ಅದರ ಕೆಲಸ ಎಂಥದ್ದು ಅಂತ ಮೊದಲು ಬರಿ.

ಚೀನಾದ ಅಡುಗೆಮನೆಗೆ ಹೋಗಬೇಕಾದ ಈ ಪ್ರಾಣಿಯನ್ನು ಹಸಿಯಾಗಿ ದೋಣಿಗೆ ತುಂಬಿಕೊಂಡರೆ ಕೊಳೆತು ಲೋಳೆಯಾಗುತ್ತದೆ. ಮುಳುಗಿ ತೆಗೆದದ್ದನ್ನು ಸೀಳಿ, ಕರುಳು ತೆಗೆದು, ದೊಡ್ಡ ಕಡಾಯಿಯಲ್ಲಿ ಬೇಯಿಸಬೇಕು. ಮರಳಲ್ಲಿ ಹೂತಿಟ್ಟು, ಮೈಮೇಲಿನ ಸುಣ್ಣದಂಥ ಪದರ ಸಡಿಲವಾದ ಮೇಲೆ ಉಜ್ಜಿ ತೆಗೆಯಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಮರದ ತೊಗಟೆ ಹಾಕಿ ಮತ್ತೊಮ್ಮೆ ಬೇಯಿಸಿದರೆ ಕೆಂಪು ಬಣ್ಣ. ಆಮೇಲೆ ಬಿಸಿಲು, ಬಿದಿರಿನ ಗುಡಿಸಲಲ್ಲಿ ಹೊಗೆ. ಒಣಗಿದ್ದು ಸಾಲದಿದ್ದರೆ ವಾಪಸು ದಾರಿಯಲ್ಲೇ ತೇವ ಎಳೆದು ಬೂಸಲು ಬರುತ್ತದೆ.

ಇಷ್ಟಕ್ಕೂ ದಡ ಬೇಕು, ಸೌದೆ, ಸಿಹಿನೀರು ಬೇಕು. ಅಂದರೆ ದಡದವರ ಒಪ್ಪಿಗೆ ಬೇಕು. ಡಿಸೆಂಬರಿನ ವಾಯವ್ಯ ಗಾಳಿಗೆ ಬಂದವರು ಏಪ್ರಿಲ್ ಹೊತ್ತಿಗೆ ಆಗ್ನೇಯ ಗಾಳಿ ಹಿಡಿದೇ ಹೊರಡಬೇಕು. ಅಲ್ಲಿಯವರೆಗೆ ಕಬ್ಬಿಣ, ಬಟ್ಟೆ, ಅಕ್ಕಿ, ತಂಬಾಕು ಕೊಟ್ಟು ಆಮೆಚಿಪ್ಪು ಪಡೆದರು, ಕೈಯಾಳುಗಳನ್ನೂ ಪಡೆದರು.

‘ಅಣ್ಣತಮ್ಮಂದಿರಂತೆ ಇದ್ದರು’ ಎಂಬ ಸಾಲು ಹೊಡೆದುಹಾಕು. 1803ರಲ್ಲಿ ಇಂಗ್ಲಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್‌ಗೆ ಸಿಕ್ಕ ಮಕಸ್ಸಾರ್ ಮುಖ್ಯಸ್ಥ ಪೊಬಾಸ್ಸೂ ಹಿಂದೊಮ್ಮೆ ದಡದವರಿಂದ ಮೊಣಕಾಲಿಗೆ ಭರ್ಜಿಯ ಏಟು ತಿಂದವನು. ‘ಸಾವಿರಾರು ವರ್ಷ’ ಅನ್ನುವುದೂ ಬೇಡ. ಉತ್ತರ ಆಸ್ಟ್ರೇಲಿಯಾದ ಜುಲಿರ್ರಿ ಬಂಡೆಯಾಸರೆಯಲ್ಲಿ ಬಿಡಿಸಿರುವ ಇಂಥ ದೋಣಿಯ ಚಿತ್ರದ ಮೇಲೆ ಅಂಟಿಸಿದ ಜೇನುಮೇಣದ ಕಾಲ 17ನೇ ಶತಮಾನ; ಚಿತ್ರ ಅದಕ್ಕೂ ಹಿಂದಿನದು. ಅಷ್ಟೇ ಹೇಳು.

ಪುರಾವೆಗೆ ಆ ದಡದ ಹುಣಸೆಮರ ಸಾಕು. ಅದು ಆ ನೆಲದ ಮರವಲ್ಲ; ಬಂದವರು ತಿಂದು ಉಗಿದ ಬೀಜದ್ದು. ಕಡಾಯಿ ಕೂರಿಸುತ್ತಿದ್ದ ಕಲ್ಲಿನ ಸಾಲುಗಳ ಪಕ್ಕದಲ್ಲೇ ನಿಂತಿರುತ್ತದೆ. ಯಿರ್‌ಕಲಾ ಬಳಿಯ ವುರ್‌ವುರ್‌ವುಯ್‌ನಲ್ಲಂತೂ ಯೊಲ್ಂಗು ಜನ ನೆಲದ ಮೇಲೆ ಕಲ್ಲು ಜೋಡಿಸಿಯೇ ದೋಣಿಯ ಒಳಕೋಣೆಗಳನ್ನೂ ತೋರಿಸಿದ್ದಾರೆ. ನಿನ್ನ ಮೂರು ಪುಟಕ್ಕಿಂತ ಅದು ಸ್ಪಷ್ಟ!

ಯೊಲ್ಂಗು ಮಾತಿನಲ್ಲಿ ದುಡ್ಡಿಗೆ ‘ರುಪಿಯಾ’. ನಮ್ಮ ರೂಪಾಯಿಯ ದಾಯಾದಿಯೇ, ಆದರೆ ಅದನ್ನು ಹಿಡಿದು ನಮ್ಮವರೂ ಅಲ್ಲಿಗೆ ಹೋಗಿದ್ದರು ಎಂದು ಹಾರಬೇಡ. ಪದ ಮಲಯ ಸೀಮೆಗೆ ಮುಂಚೆಯೇ ಸೇರಿತ್ತು, ಅಲ್ಲಿಂದ ಮಕಸ್ಸಾರ್ ದೋಣಿ ಹತ್ತಿತು. ಬಿಳಿಯರಿಗೆ ಯೊಲ್ಂಗು ಜನ ಹೇಳುವ ‘ಬಲಾಂಡ’ವೂ ಡಚ್ಚರ ಹೆಸರಾದ ‘ಹಾಲೆಂಡರ್’ ಎಂಬುದರಿಂದ ಹಾಗೆಯೇ ಬಂದದ್ದು.

ಕೊನೆಯಲ್ಲಿ ‘ವ್ಯಾಪಾರ ನಿಂತುಹೋಯಿತು’ ಅಂದಿದ್ದೀಯ. ಆಗ ಆ ಉತ್ತರ ದಡವನ್ನೂ ಆಳುತ್ತಿದ್ದ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರ ಮೊದಲು ಸುಂಕ ಹಾಕಿತು, ಆಮೇಲೆ ಪರವಾನಗಿಯನ್ನೇ ಕೊಡಲಿಲ್ಲ. 1907ರಲ್ಲಿ ಕೊನೆಯ ದೋಣಿ ಹೊರಟಿತು. ‘ನಿಲ್ಲಿಸಿದರು’ ಎಂದು ತಿದ್ದು.

ಇಂತಿ,
ನಿನ್ನ ಮಾವ