ಅಡ್ವೆಂಟ್‌ನಲ್ಲೂ ಫ್ಲೆಕ್ಸ್ ಬೇಕಾ?

ಸಂಪಾದಕರೇ,

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅಡ್ವೆಂಟ್ ಕಾಲ ಬಂತೆಂದರೆ ನಮ್ಮ ಬೆಟಗೇರಿಯಲ್ಲಿ ಈಗ ಶುಭಾಶಯದ ಫ್ಲೆಕ್ಸ್‌ಗಳೂ ಏಳುತ್ತವೆ. ಯೇಸುವಿಗಿಂತ ಮುಖಂಡರ ಫೋಟೊನೇ ದೊಡ್ಡದು! ಇದು ಕಾಯುವ, ನಮ್ಮನ್ನು ನಾವು ತಿದ್ದಿಕೊಳ್ಳುವ ಕಾಲ ಅಲ್ವಾ? ಈ ದಿನಗಳಲ್ಲಿ ಚರ್ಚಿನಲ್ಲಿ ಓದುವ ಬೈಬಲ್ ಭಾಗಗಳಲ್ಲಿ ಬರುವ, ಯೇಸುವಿಗೆ ದಾರಿ ಸಿದ್ಧಮಾಡಿದ ಪ್ರವಾದಿ ಸ್ನಾನಿಕನಾದ ಯೋಹಾನನನ್ನೇ ನೋಡಿ. ಜನ ಗುಂಪು ಗುಂಪಾಗಿ ಹುಡುಕಿಕೊಂಡು ಬಂದರೂ, ನನ್ನ ಹಿಂದೆ ಬರುವವನ ಕೆರದ ಬಾರು ಬಿಚ್ಚುವುದಕ್ಕೂ ನಾನು ಯೋಗ್ಯನಲ್ಲ ಎಂದ.

ನಮ್ಮದು ನೇಕಾರರ ಮನೆ. ಸೀರೆ ನೇಯುತ್ತಿದ್ದ ನನ್ನ ತಾಯಿ ಅಡ್ವೆಂಟ್ ಮುಗಿಯುವವರೆಗೆ ಹೊಸ ಸೀರೆ ಉಡುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ನಮಗೂ ಗೊತ್ತಾಗಿದ್ದು ತಡವಾಗಿ.

ಈ ಸಲ ಫ್ಲೆಕ್ಸ್ ದುಡ್ಡಿನಲ್ಲಿ ಯಾರಾದರೂ ಬಡ ರೋಗಿಯ ಔಷಧಿ ಬಿಲ್ ಕಟ್ಟಿ. ದಾನಿಗಳ ಹೆಸರು ಮಾತ್ರ ಬೇಡ.

– ಒಬ್ಬ ಓದುಗ, ಬೆಟಗೇರಿ, ಗದಗ